ಜಾಗಟೆಗೆ ಮೊದಲೇ ಬಿದ್ದ ಚಪ್ಪಾಳೆ

ನನಗೆ ಸನ್ಮಾನ ಮಾಡಿ ಹೊದಿಸಿದ ಶಾಲನ್ನು ಈಗ ನಾನು ಬೀರುಗಳ ಕನ್ನಡಿಗೆ ಸುತ್ತುತ್ತೇನೆ. ಶಾಲಿಗೇನೂ ದೋಷವಿಲ್ಲ. ದಪ್ಪಗಿದೆ, ಅಂಚಿಗೆ ಜರಿ ಇದೆ, ಒಗೆದರೆ ಬಣ್ಣ ಬಿಡುವುದಿಲ್ಲ. ಮನೆ ಬದಲಾಯಿಸುವವರ ಸಾಮಾನು ಸಾಗಿಸುವುದು ನನ್ನ ಕೆಲಸ. ಟೆಂಪೊ ನನ್ನದೇ, ಓಡಿಸುವವನೂ ನಾನೇ. ಬಿಟಿಎಂನ ಬಾಡಿಗೆ ಮನೆಯಿಂದ ಸುಬ್ರಹ್ಮಣ್ಯಪುರದ ಬಾಡಿಗೆ ಮನೆಗೆ ಹೋಗುವಷ್ಟರಲ್ಲಿ ಸಿಗುವ ಹಂಪು ಗುಂಡಿಗಳನ್ನು ಕಂಡವರಿಗೆ ಗೊತ್ತು, ಕನ್ನಡಿ ಉಳಿಸುವುದು ಸುಲಭದ ಮಾತಲ್ಲ. ನನ್ನ ಗಾಡಿಯಲ್ಲಿ ಇದುವರೆಗೆ ಯಾರ ಕನ್ನಡಿಯೂ ಒಡೆದಿಲ್ಲ. ಇದನ್ನು ಎದೆ ತಟ್ಟಿ ಹೇಳುತ್ತೇನೆ.

ಮೊದಲ ಸಲ ಸುತ್ತಿದ ದಿನ ನನ್ನ ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು.

“ಎತ್ತಿಟ್ಟಿದ್ರೆ ಯಾರ್ದಾದ್ರೂ ಗೃಹಪ್ರವೇಶಕ್ಕೆ ಆಗೋದು. ಬೀರೂಗೆ ಸನ್ಮಾನ ಮಾಡ್ತಿದೀರಲ್ಲ.”

“ನನಗಿಂತ ಬೀರೂನೇ ವಾಸಿ ಕಣೆ. ಆವತ್ತು ನಾನೇನ್ ಕಡಿದು ಕಟ್ಟೆ ಹಾಕಿದ್ದೆ ಅಂತ ಹೊದಿಸಿದ್ರು?”

ಆವತ್ತು ವೇದಿಕೆಯ ಮೇಲೆ ಕೆಲಸ ಮಾಡಿದವಳು ನನ್ನ ತಂಗಿ. ಬಿಟ್ಟಿದ್ದರೆ ಪೂರ್ತಿ ಮಾಡುತ್ತಿದ್ದಳು. ಬಿಡಲಿಲ್ಲ. ಆ ಸಿಟ್ಟು ಇನ್ನೂ ಇಳಿದಿಲ್ಲ, ಇಳಿಯಲಿ ಎಂದು ನಾನು ಬಯಸುವುದೂ ಇಲ್ಲ.

ತಂಗಿಗೆ ನಲವತ್ತು ದಾಟಿದೆ. ಹುಟ್ಟುವಾಗಲೇ ಮಿದುಳಿಗೆ ಪೆಟ್ಟಾಗಿ ಕೈಕಾಲು ಅವಳ ಹಿಡಿತಕ್ಕೆ ಸಿಗಲಿಲ್ಲ, ಬಾಯಿಗೆ ಮಾತು ಬರಲಿಲ್ಲ. ಹೊಸಕೆರೆಹಳ್ಳಿಯ ಮನೆಯಲ್ಲಿ ನಮ್ಮ ಜೊತೆಗೇ ಇದ್ದಾಳೆ. ಹೌದು ಎನ್ನಬೇಕಾದರೆ ಕಣ್ಣು ಮೇಲಕ್ಕೆ ಎತ್ತುತ್ತಾಳೆ. ಇಲ್ಲ ಎನ್ನಬೇಕಾದರೆ ಕಣ್ಣು ಗಟ್ಟಿಯಾಗಿ ಮುಚ್ಚುತ್ತಾಳೆ. ಇಷ್ಟೇ ಪಾಠ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಮೂಟೆ ಹೊರಲು ನಿಂತ ನನಗೂ ಇದು ಬಂದಿದೆ. ಒಂದು ಮಾತ್ರ ತಿಳಿದಿರಬೇಕು: ಅವಳ ಉತ್ತರಕ್ಕೆ ಹೊತ್ತು ಹಿಡಿಯುತ್ತದೆ. ಕೇಳಿದ್ದು ಕೇಳಿದ ಕೂಡಲೇ ಅರ್ಥವಾಗಿರುತ್ತದೆ. ಆದರೆ ಅವಳ ಮೈ ಅವಳ ಮಾತು ಕೇಳಿ ಕಣ್ಣು ಎತ್ತುವಷ್ಟರಲ್ಲಿ ಎದುರಿಗಿದ್ದವರು ಇನ್ನೊಂದು ಪ್ರಶ್ನೆ ಕೇಳಿ, ಉತ್ತರವನ್ನೂ ತಾವೇ ಹೇಳಿಕೊಂಡು ಹೊರಟುಬಿಟ್ಟಿರುತ್ತಾರೆ.

ಹೋಟೆಲಿಗೆ ಹೋದರೆ ಸಪ್ಲೈಯರ್ ಅವಳ ಮುಂದೆಯೇ ನಿಂತು ನನ್ನನ್ನು ಕೇಳುತ್ತಾನೆ.

“ಇವ್ರಿಗೆ ಏನ್ ಕೊಡ್ಲಿ ಸಾರ್?”

“ಅವ್ರನ್ನೇ ಕೇಳಪ್ಪ.”

ಅವನು ಬಗ್ಗಿ, ಕಿವುಡರಿಗೆ ಕೂಗುವ ಹಾಗೆ, “ಇಡ್ಲಿ ತಿಂತೀಯಾ ಪುಟ್ಟಾ?” ಎನ್ನುತ್ತಾನೆ. ಮೀಸೆ ಸರಿಯಾಗಿ ಬಲಿತಿರದ ಇವನು ನಲವತ್ತು ದಾಟಿದ ಹೆಂಗಸಿಗೆ ಪುಟ್ಟಾ ಎನ್ನುವುದು. ಅವಳು ಕಣ್ಣು ಮುಚ್ಚುತ್ತಾಳೆ. ಅವನು ನನ್ನ ಕಡೆ ತಿರುಗಿ, “ನಿದ್ದೆ ಬಂದಂಗಿದೆ, ಪಾಪ” ಎನ್ನುತ್ತಾನೆ.

ಹೀಗೆ ವರ್ಷಗಳು ಕಳೆದವು. ಕಾದು ಕೇಳಿದ ಮೊದಲ ಹೊರಗಿನವರು ಎಂದರೆ ಸಂಗೀತದ ಮೇಡಂ. ಅವರ ಮನೆಯ ಸಾಮಾನನ್ನು ಬನಶಂಕರಿಯಿಂದ ಜೆಪಿ ನಗರಕ್ಕೆ ಸಾಗಿಸಿದವನು ನಾನೇ. ಗಾಡಿಯಲ್ಲಿ ಸುತ್ತುವುದೆಂದರೆ ತಂಗಿಗೆ ಇಷ್ಟ, ಹಾಗಾಗಿ ಆವತ್ತು ಮುಂದಿನ ಸೀಟಿನಲ್ಲಿ ಬೆಲ್ಟು ಬಿಗಿದು ಕೂರಿಸಿಕೊಂಡು ಹೋಗಿದ್ದೆ. ವೀಣೆ ಇಳಿಸಿದ ಮೇಲೆ ಮೇಡಂ ಅಲ್ಲೇ ಗೇಟಿನ ಹತ್ತಿರ ಹೊದಿಕೆ ಬಿಚ್ಚಿ, ಏನೂ ಆಗಿಲ್ಲವೆಂದು ನೋಡಲು ಒಂದು ತಂತಿ ಮೀಟಿದರು. ತಂಗಿಯ ಮೈಯೆಲ್ಲ ಆ ಕಡೆ ವಾಲಿತು. ಮೇಡಂ ಅವಳನ್ನು ನೋಡಿದರು. ನನ್ನನ್ನು ಏನೂ ಕೇಳಲಿಲ್ಲ.

“ಇನ್ನೊಂದ್ಸಲ ಮೀಟ್ಲಾ?” ಎಂದು ಅವಳಿಗೇ ಹೇಳಿ ಸುಮ್ಮನೆ ನಿಂತರು. ಗ್ಯಾಸ್ ಸಿಲಿಂಡರ್ ಹೆಗಲ ಮೇಲಿಟ್ಟುಕೊಂಡು ನಾನೂ ನಿಂತೆ. ಅವಳ ಕಣ್ಣು ಮೇಲೆ ಹೋಯಿತು. ಅವರು ಮೀಟಿದರು.

ಆ ಮೇಡಂ ಶನಿವಾರ ಶನಿವಾರ ಬೆಳಿಗ್ಗೆ ತಮ್ಮ ಕಾರು ರಸ್ತೆಗೆ ನಿಲ್ಲಿಸಿ, ಖಾಲಿಯಾದ ಮನೆಯ ಕಾರು ಶೆಡ್ಡಿನಲ್ಲಿ ಒಂದು ಗುಂಪು ಸೇರಿಸತೊಡಗಿದರು. ಅವರನ್ನು ಬಿಟ್ಟರೆ ಮಾತು ಆಡುವವರು ಆ ಗುಂಪಿನಲ್ಲಿ ಯಾರೂ ಇಲ್ಲ. ಬಿಳೇಕಹಳ್ಳಿಯಿಂದ ಬರುವ ಒಬ್ಬ ತರುಣ ಶ್ರುತಿಪೆಟ್ಟಿಗೆಯ ಜೊತೆ ಗುನುಗುತ್ತಾನೆ. ಆ ಗುನುಗು ಒಮ್ಮೆ ಹಿಡಿದರೆ ಜಾರುವುದಿಲ್ಲ. ಒಬ್ಬ ವಯಸ್ಸಾದ ಹೆಂಗಸು ಲಕ್ವಾ ಹೊಡೆದು ಮಾತು ಕಳೆದುಕೊಂಡವರು, ಸರಿಯಿರುವ ಕೈಯಲ್ಲಿ ಗೆಜ್ಜೆ ಆಡಿಸುತ್ತಾರೆ. ನನ್ನ ತಂಗಿಯ ಮುಂದೆ ಮೊದಲ ದಿನ ಮೇಡಂ ತಾಳ, ಖಂಜಿರ, ಗೆಜ್ಜೆ, ಜಾಗಟೆ ಎಲ್ಲ ಇಟ್ಟು, ಒಂದೊಂದನ್ನೂ ನುಡಿಸಿ ಕೇಳಿದರು. ತಾಳಕ್ಕೆ ಕಣ್ಣು ಮುಚ್ಚಿದಳು. ಖಂಜಿರಕ್ಕೂ ಮುಚ್ಚಿದಳು. ಜಾಗಟೆಗೆ ಕಣ್ಣು ಎತ್ತಿದವಳು ಇಳಿಸಲೇ ಇಲ್ಲ.

“ಅದು ಮಂಗಳಾರತಿಗೆ ಬಾರಿಸೋದಲ್ವಾ ಮೇಡಂ?” ಎಂದೆ.

“ನಿಮ್ಮನ್ನ ಯಾರು ಕೇಳಿದ್ರು? ಅವ್ರನ್ನ ಕೇಳಿದ್ದು” ಎಂದರು.

ಒಂದು ಕಬ್ಬಿಣದ ಸ್ಟ್ಯಾಂಡು ಮಾಡಿಸಿ ಜಾಗಟೆ ತೂಗುಹಾಕಿದೆವು. ಕೋಲನ್ನು ಅವಳ ಮುಂಗೈಗೆ ಪಟ್ಟಿ ಸುತ್ತಿ ಕಟ್ಟುತ್ತೇವೆ. ಬಾರಿಸಬೇಕೆಂದಾಗ ಅವಳ ಕೈ ಮೊದಲು ಹಿಂದಕ್ಕೆ ಹೋಗುತ್ತದೆ, ಎಲ್ಲೋ ತಿರುಗುತ್ತದೆ, ಆಮೇಲೆ ಸುತ್ತಿ ಬಂದು ಬೀಳುತ್ತದೆ. ಮೊದಮೊದಲು ಮೇಡಂ ಆದಿತಾಳ ಹಾಕಿ ನೋಡಿದರು. ಪೆಟ್ಟು ತಾಳಕ್ಕೆ ಸಿಗಲಿಲ್ಲ. ಆಮೇಲೆ ಅವರು ತಾಳವನ್ನೇ ಬದಿಗಿಟ್ಟರು. ಮೋಹನ ರಾಗದಲ್ಲಿ ಸಾಹಿತ್ಯವಿಲ್ಲದ ಒಂದು ರಚನೆ ಮಾಡಿದರು. ವೀಣೆ, ಗುನುಗು, ಗೆಜ್ಜೆ ಎಲ್ಲ ಸೇರಿ ಮೇಲೆ ಹೋಗಿ, ಒಂದು ಕಡೆ ಎಲ್ಲವೂ ನಿಲ್ಲುತ್ತದೆ. ಅಲ್ಲಿ ಜಾಗಟೆ ಬೀಳಬೇಕು. ಬೀಳುವತನಕ ಯಾರೂ ಉಸಿರೆತ್ತುವುದಿಲ್ಲ. ಬಿದ್ದ ಮೇಲೆ, ಆ ಸದ್ದಿನ ಒಳಗಿನಿಂದ ಮತ್ತೆ ವೀಣೆ ಏಳುತ್ತದೆ. ಗುಂಪಿನ ಕಟ್ಟುಪಾಡು ಇದೊಂದೇ: ಕಾಯುವುದು.

ಹೊತ್ತಾಗುವುದೆಲ್ಲ ಕೈಯ ತೊಂದರೆಯಿಂದ ಎಂದುಕೊಂಡಿದ್ದೆ. ಒಂದು ಶನಿವಾರ ಅವಳ ಕೈ ಸುತ್ತಿ ಜಾಗಟೆಯ ಹತ್ತಿರ ಬಂದಿತ್ತು, ಅಷ್ಟರಲ್ಲಿ ಮೇಲಿನ ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು. ಅವಳ ಕೈ ನಿಂತಿತು. ನಡುಗುತ್ತಾ ನಿಂತಿತು. ಕುಕ್ಕರಿನ ಸದ್ದು ಪೂರ್ತಿ ಸತ್ತ ಮೇಲೆ ಬಾರಿಸಿದಳು. ಮೇಡಂ ನನ್ನ ಮುಖ ನೋಡಿ ನಕ್ಕರು. ಆಗ ನನಗೆ ಹೊಳೆಯಿತು. ಇಷ್ಟು ದಿನ ಅವಳು ತಡಮಾಡುತ್ತಿರಲಿಲ್ಲ, ಜಾಗ ಆರಿಸುತ್ತಿದ್ದಳು.

ಇಂಥ ಗುಂಪಿನ ಸುದ್ದಿ ಜಯನಗರದ ಒಂದು ಬಡಾವಣೆ ಸಂಘದ ಅಧ್ಯಕ್ಷರ ಕಿವಿಗೆ ಬಿತ್ತು. ಬ್ಯಾಂಕಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದವರು, ಸಂಗೀತ ಕಛೇರಿಗಳಿಗೆ ತಪ್ಪದೆ ಹೋಗುವವರು. ರಾಜ್ಯೋತ್ಸವದ ಕಾರ್ಯಕ್ರಮಕ್ಕೆ ಕರೆಯಲು ಶೆಡ್ಡಿಗೆ ಬಂದರು. ನುಡಿಸುವುದನ್ನು ಕೇಳಲು ಪುರುಸೊತ್ತಿರಲಿಲ್ಲ, ಫೋಟೊ ತೆಗೆದುಕೊಂಡರು.

“ಸಾಹಿತ್ಯ ಇಲ್ವಾ ಮೇಡಂ? ರಾಜ್ಯೋತ್ಸವ ನೋಡಿ, ಒಂದು ಕನ್ನಡ ಹಾಡು ಇದ್ದಿದ್ರೆ ಚೆನ್ನಾಗಿರ್ತಿತ್ತು.”

“ನನ್ ತಂಗಿಗೆ ಬರೋದು ಕನ್ನಡ ಒಂದೇ ಸಾರ್,” ಎಂದೆ. “ಬೈದ್ರೂ ಕನ್ನಡದಲ್ಲೇ ಅರ್ಥ ಆಗೋದು.”

ಅವರು ನಕ್ಕು ನನ್ನ ಭುಜ ತಟ್ಟಿದರು. “ನಿಮ್ಮಂಥ ಅಣ್ಣಂದಿರು ಈಗಿನ ಕಾಲದಲ್ಲಿ ಎಲ್ಲಿದಾರೆ.” ಮೇಡಂ ಮಾತ್ರ ಬಿಡಿಸಿ ಹೇಳಿದರು: ನಡುವೆ ಸದ್ದು ನಿಲ್ಲುತ್ತೆ, ಅದು ಮುಗಿದದ್ದಲ್ಲ, ಜಾಗಟೆ ಬೀಳೋತನಕ ಸಭೆ ಸುಮ್ಮನಿರಬೇಕು. ಅಧ್ಯಕ್ಷರು “ಖಂಡಿತ, ಖಂಡಿತ” ಎಂದರು. ತಂಗಿಯನ್ನು ಮೇಡಂ ಕೇಳಿದರು, ವೇದಿಕೆಯ ಮೇಲೆ ನುಡಿಸ್ತೀರಾ ಎಂದು. ಕಣ್ಣು ಎತ್ತಿದಳು. ಆ ವಾರವೆಲ್ಲ ಮನೆಯಲ್ಲಿ ಕೈ ಆಡಿಸುತ್ತಲೇ ಇದ್ದಳು. ಯಾವ ಸೀರೆ ಎಂದು ನನ್ನ ಹೆಂಡತಿ ಒಂದೊಂದೇ ತೆಗೆದು ತೋರಿಸಿದರೆ, ಬೀರು ಖಾಲಿಯಾಗುವತನಕ ಕಣ್ಣು ಮುಚ್ಚಿ, ಕೊನೆಗೆ ಮೊದಲು ತೋರಿಸಿದ್ದಕ್ಕೇ ಎತ್ತಿದಳು. “ಅಣ್ಣನ ತರಾನೇ ಹಠ” ಎಂದು ಇವಳು ಗೊಣಗಿದಳು.

ರಾಜ್ಯೋತ್ಸವದ ದಿನ ಬಡಾವಣೆಯ ಮೈದಾನದಲ್ಲಿ ಹಾಕಿದ್ದ ವೇದಿಕೆಗೆ ಮೆಟ್ಟಿಲು ಮಾತ್ರ ಇತ್ತು. ಹಳದಿ ಕೆಂಪು ಶಾಲು ಹಾಕಿಕೊಂಡಿದ್ದ ಹುಡುಗರು ಓಡಿ ಬಂದು, “ಗಾಲಿಕುರ್ಚಿ ಸಮೇತ ಎತ್ಬಿಡೋಣ ಅಂಕಲ್” ಎಂದರು. ಕೈ ಜಾರಿದರೆ ಏನು ಗತಿ ಎಂದು ಯೋಚಿಸಲಿಲ್ಲ, ಅವಳನ್ನು ಕೇಳಲೂ ಇಲ್ಲ. ನಾನು ಗಾಡಿಯಿಂದ ಸಾಮಾನು ಇಳಿಸುವ ಹಲಗೆ ತಂದು ಹಾಕಿ, ನಾನೇ ತಳ್ಳಿಕೊಂಡು ಹತ್ತಿಸಿದೆ. ಬೀರು ಎತ್ತಬೇಕಾದರೂ ನಾಲ್ಕು ಮಾತು ಆಡಿಕೊಂಡು ಎತ್ತುತ್ತೇವೆ ನಾವು.

ನಿರೂಪಣೆ ಮಾಡುತ್ತಿದ್ದ ಹೆಂಗಸು ಮೈಕು ಹಿಡಿದು, “ಈಗ ದೇವರ ಮಕ್ಕಳಿಂದ ಒಂದು ಪುಟ್ಟ ಪ್ರಯತ್ನ” ಎಂದರು. ಮಕ್ಕಳು ಯಾರೆಂದು ನಾನು ನೋಡಿದೆ. ಗೆಜ್ಜೆ ಆಡಿಸುವ ಅಮ್ಮನಿಗೆ ಮೊಮ್ಮಕ್ಕಳಿದ್ದಾರೆ.

ನುಡಿಸಲು ಶುರುಮಾಡಿದರು. ಚೆನ್ನಾಗಿತ್ತು. ಅಣ್ಣನೆಂದು ಹೇಳುವುದಲ್ಲ, ಚೆನ್ನಾಗಿತ್ತು. ಮುಂದಿನ ಸಾಲಿನಲ್ಲಿ ಪಂಚೆ ಉಟ್ಟ ಹಿರಿಯರೊಬ್ಬರ ಬೆರಳು ತೊಡೆಯ ಮೇಲೆ ಆಡತೊಡಗಿತು. ವೀಣೆ ಮೇಲಕ್ಕೆ ಹೋಯಿತು, ಗುನುಗು ಹೋಯಿತು, ಗೆಜ್ಜೆ ಹೋಯಿತು, ಎಲ್ಲ ನಿಂತಿತು. ಮೈದಾನದ ಆಚೆ ಬಸ್ಸೊಂದು ಬ್ರೇಕು ಹಾಕಿದ್ದು ಕೇಳಿಸಿತು. ತಂಗಿಯ ಕೈ ಹಿಂದಕ್ಕೆ ಹೋಯಿತು. ಬಸ್ಸು ಹೋಗಲಿ ಎಂದು ಕಾಯುತ್ತಿದ್ದಾಳೆ ಎಂದು ನನಗೆ ತಿಳಿಯಿತು. ಮುಂದಿನ ಸಾಲಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಗ ನಿರೂಪಕಿ ಕಣ್ಣೊರೆಸಿಕೊಳ್ಳುತ್ತಾ ಮೈಕಿನಲ್ಲಿ ಹೇಳಿದರು:

“ಎಷ್ಟು ಕಷ್ಟಪಡ್ತಿದಾರೆ ನೋಡಿ. ಇವರ ಛಲಕ್ಕೆ ಒಂದು ಜೋರಾದ ಚಪ್ಪಾಳೆ ಬರಲಿ.”

ಬಂತು. ಅಧ್ಯಕ್ಷರು ಎದ್ದು ನಿಂತು ತಟ್ಟಿದರು. ಅವರು ಎದ್ದರೆಂದು ಎಲ್ಲರೂ ಎದ್ದರು. ದಿಢೀರ್ ಸದ್ದಾದರೆ ತಂಗಿಯ ಮೈ ಬೆಚ್ಚಿ ಬಿಲ್ಲಿನಂತೆ ಸೆಟೆಯುತ್ತದೆ. ಕೈ ಜಾಗಟೆ ದಾಟಿ ಗಾಳಿಯಲ್ಲಿ ಹೋಗಿ ಸ್ಟ್ಯಾಂಡಿಗೆ ಬಡಿಯಿತು. ಗುನುಗುವ ತರುಣ ಎರಡೂ ಕಿವಿ ಮುಚ್ಚಿಕೊಂಡು ಕೂತಲ್ಲೇ ಮುದುಡಿದ. ಮುಗಿಯಿತು ಎಂದುಕೊಂಡ ಸಭೆ ಇನ್ನೂ ಜೋರಾಗಿ ತಟ್ಟಿತು.

ಇವರೇನು ಸಂಗೀತ ಗೊತ್ತಿಲ್ಲದ ಜನವೇ? ಕಛೇರಿಯಲ್ಲಿ ಪಕ್ಕದವರ ಮೊಬೈಲು ಗುಂಯ್ ಎಂದರೆ ಕೆಕ್ಕರಿಸಿ ನೋಡುವವರು. ವಿದ್ವಾಂಸರು ಒಂದು ಕ್ಷಣ ತಡೆದು ನಿಂತರೆ “ಆಹಾ” ಎಂದು ತಲೆದೂಗುವವರು. ನನ್ನ ತಂಗಿ ತಡೆದು ನಿಂತರೆ ಮಾತ್ರ “ಅಯ್ಯೋ ಪಾಪ.” ಅದೇ ಮೌನ, ಅದೇ ಕಿವಿ. ಬೈಗುಳವಾಗಿದ್ದರೆ ತಿರುಗಿ ಬೈಯಬಹುದು. ಚಪ್ಪಾಳೆಗೆ ಏನೆಂದು ಬೈಯುವುದು?

ನಾನು ವೇದಿಕೆಗೆ ಓಡಿದೆ. ಅವಳ ಕೈ ಹಿಡಿದು ನೀವುವಷ್ಟರಲ್ಲಿ ಯಾರೋ ನನ್ನ ರಟ್ಟೆ ಹಿಡಿದು ನಡುವೆ ಹಾಕಿದ್ದ ಕುರ್ಚಿಯ ಹತ್ತಿರ ಎಳೆದರು. ತಲೆಗೆ ಮೈಸೂರು ಪೇಟ ಬಂತು, ಹೆಗಲಿಗೆ ಶಾಲು ಬಂತು, ತೊಡೆಯ ಮೇಲೆ ಹಣ್ಣಿನ ಬುಟ್ಟಿ ಬಂತು. ಫೋಟೊದಲ್ಲಿ ಅಡ್ಡ ಬರುತ್ತದೆಂದು ತಂಗಿಯ ಗಾಲಿಕುರ್ಚಿಯನ್ನು ಪರದೆಯ ಹಿಂದಕ್ಕೆ ತಳ್ಳಿದರು. ಜಾಗಟೆಯನ್ನೂ ತಳ್ಳಿದರು.

“ತಂಗಿಗಾಗಿ ಜೀವನ ಸವೆಸಿದ ತ್ಯಾಗಮಯಿ,” ಎಂದು ನಿರೂಪಕಿ ಶುರುಮಾಡಿದ್ದರು. ನಾನು ಪೇಟ ತೆಗೆದು ಬುಟ್ಟಿಯ ಮೇಲಿಟ್ಟು ಎದ್ದೆ.

“ಸಾರ್, ಅವ್ರಿನ್ನೂ ಮುಗಿಸಿಲ್ಲ,” ಎಂದೆ ಅಧ್ಯಕ್ಷರಿಗೆ. “ಅರ್ಧದಲ್ಲಿ ನಿಲ್ಸಿದೀರ. ಇನ್ನೊಂದ್ಸಲ ನುಡಿಸ್ಲಿ.”

“ತುಂಬಾ ಚೆನ್ನಾಗಿ ಬಂತು ಬಿಡಿ. ಜನ ಎದ್ದು ನಿಂತ್ರಲ್ಲ, ಇನ್ನೇನು ಬೇಕು?”

“ಜಾಗಟೆ ಬೀಳ್ಬೇಕಿತ್ತು.”

“ಅಯ್ಯೋ, ಅದನ್ನೆಲ್ಲ ಮನಸ್ಸಿಗೆ ಹಚ್ಕೋಬೇಡಿ. ಬಾರಿಸಿದ್ರೂ ಬಾರಿಸ್ದೇ ಇದ್ರೂ ನಮಗೆ ಒಂದೇ. ಆರ್ಕೆಸ್ಟ್ರಾದವರು ಕಾಯ್ತಿದಾರೆ.”

ಪರದೆಯ ಹಿಂದಿನಿಂದ ತಂಗಿ ಇದನ್ನೆಲ್ಲ ಕೇಳಿದ್ದಳು. ಬಾರಿಸಿದರೂ ಬಾರಿಸದಿದ್ದರೂ ಒಂದೇ. ಈ ಮಾತನ್ನು ಅವರು ಬೈಯಲೆಂದು ಆಡಲಿಲ್ಲ. ಪ್ರೀತಿಯಿಂದಲೇ ಆಡಿದರು. ಅದೇ ನನಗೆ ತಡೆಯಲಾಗದ್ದು.

ಮುಂದಿನ ಶನಿವಾರ ಮೇಡಂ ಕೋಲು ತೋರಿಸಿ, “ಕಟ್ಲಾ?” ಎಂದರು. ತಂಗಿ ಕಣ್ಣು ಮುಚ್ಚಿದಳು. ಅದರ ಮುಂದಿನ ಶನಿವಾರವೂ ಮುಚ್ಚಿದಳು. ಮನೆಯಲ್ಲಿಯೂ ಕೈ ಆಡಿಸುವುದು ನಿಂತಿತು. ಗಾಡಿಯಲ್ಲಿ ಸುತ್ತಲು ಬರುತ್ತೀಯಾ ಎಂದರೆ ಅದಕ್ಕೂ ಇಲ್ಲ. ಶೆಡ್ಡಿಗೆ ಹೋಗೋಣವೇ ಎಂದರೆ ಮಾತ್ರ ಹೊತ್ತಾದ ಮೇಲೆ, ತುಂಬ ಹೊತ್ತಾದ ಮೇಲೆ, ಕಣ್ಣು ಎತ್ತುತ್ತಿದ್ದಳು. ಅದೊಂದು ಉಳಿದಿತ್ತು. ಅದೂ ಹೋದರೆ ಏನು ಮಾಡುವುದೆಂದು ನಾನು ಯಾರ ಹತ್ತಿರವೂ ಹೇಳದೆ ಒಳಗೇ ಹೆದರುತ್ತಿದ್ದೆ.

ಮೇಡಂ ರಚನೆಯನ್ನು ಬದಲಾಯಿಸಲಿಲ್ಲ. ಜಾಗಟೆಯನ್ನು ಎತ್ತಿಡಲಿಲ್ಲ. ಎಲ್ಲರೂ ನುಡಿಸುತ್ತಾ ಮೇಲೆ ಹೋಗಿ ಅದೇ ಜಾಗದಲ್ಲಿ ನಿಲ್ಲುವರು, ಕಾಯುವರು. ಜಾಗಟೆ ಬೀಳುವುದಿಲ್ಲ. ಮೇಡಂ ಮೆಲ್ಲಗೆ ವೀಣೆ ಕೆಳಗಿಡುವರು. ಅಲ್ಲಿಗೆ ಆ ದಿನದ ಪಾಠ ಮುಗಿಯಿತು. ಒಂದು ಸಲ ನಾನೇ, “ಜಾಗಟೆ ಬಿಟ್ಟು ಮುಂದಕ್ಕೆ ನುಡಿಸಿ ಮೇಡಂ, ಪಾಪ ಉಳಿದವ್ರು” ಎಂದೆ. ಗೆಜ್ಜೆಯ ಅಮ್ಮ ನನ್ನ ಕಡೆ ನೋಡಿ ಗೆಜ್ಜೆಯನ್ನು ನೆಲಕ್ಕೆ ಕುಕ್ಕಿದರು. ಬೇಡ ಎಂದು ಅವರು ಹೇಳುವ ರೀತಿ ಅದು.

ಯುಗಾದಿ ಹತ್ತಿರ ಬಂದಾಗ ಅಧ್ಯಕ್ಷರು ನನಗೆ ಫೋನು ಮಾಡಿದರು.

“ಹೋದ್ಸಲದ ಐಟಂ ತುಂಬಾ ಜನಕ್ಕೆ ಮುಟ್ತು ಕಣ್ರೀ. ಯುಗಾದಿ ಕಾರ್ಯಕ್ರಮಕ್ಕೆ ಮತ್ತೆ ಕರ್ಕೊಂಡ್ ಬನ್ನಿ.”

ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. “ನಾನು ಗಾಡಿ ಓಡಿಸೋನು ಸಾರ್. ನುಡಿಸೋದು ಅವ್ಳು. ಶನಿವಾರ ಬಂದು ಅವ್ಳನ್ನೇ ಕೇಳಿ” ಎಂದೆ.

ಬರುವುದಿಲ್ಲ ಎಂದುಕೊಂಡಿದ್ದೆ. ಬಂದರು. ಅವರನ್ನು ಕಂಡು ತಂಗಿಯ ಮೈ ಬಿಗಿಯಿತು. ಅವರು ಕೈ ಮುಗಿದು ಮಾತು ಶುರುಮಾಡುವಷ್ಟರಲ್ಲಿ ಮೇಡಂ ಒಂದು ಪ್ಲಾಸ್ಟಿಕ್ ಕುರ್ಚಿ ತೋರಿಸಿದರು.

“ಮೊದ್ಲು ಕೇಳಿ. ಆಮೇಲೆ ಮಾತು. ಚಪ್ಪಾಳೆ ಬೇಡ.”

“ಕೊನೇಲಿ?”

“ಕೊನೇಲೂ ಬೇಡ.”

ಮೇಡಂ ತಂಗಿಗೆ ಕೋಲು ತೋರಿಸಿ ಎಂದಿನಂತೆ ಕೇಳಿದರು. ನಾನು ಬೇರೆ ಕಡೆ ನೋಡುತ್ತಾ ನಿಂತೆ, ನನ್ನ ಆಸೆ ಅವಳ ಮೇಲೆ ಹೇರಿದಂತಾಗಬಾರದು ಎಂದು. ಹೊತ್ತಾಯಿತು. ಮೇಡಂ ಪಟ್ಟಿ ಸುತ್ತುವ ಸದ್ದು ಕೇಳಿಸಿತು. ತಿರುಗಿ ನೋಡಿದರೆ ತಂಗಿಯ ಕಣ್ಣು ಅಧ್ಯಕ್ಷರ ಮೇಲೆಯೇ ಇತ್ತು.

ನುಡಿಸಿದರು. ಎಲ್ಲ ಮೇಲಕ್ಕೆ ಹೋಗಿ ನಿಂತಿತು. ಅವಳ ಕೈ ಹಿಂದಕ್ಕೆ ಹೋಯಿತು. ರಸ್ತೆಯಲ್ಲಿ ಸೊಪ್ಪಿನವನು ಕೂಗುತ್ತಾ ಹೋದ. ಕೈ ನಿಂತಿತು. ಅಧ್ಯಕ್ಷರು ಕುರ್ಚಿಯಲ್ಲಿ ಮಿಸುಕಾಡಿದರು. ನನ್ನ ಕಣ್ಣೆಲ್ಲ ಅವರ ಕೈಗಳ ಮೇಲೆ. ಎರಡೂ ಅಂಗೈ ಮೇಲೆದ್ದವು. ಎದೆಯ ಮಟ್ಟಕ್ಕೆ ಬಂದವು. ಮೇಡಂ ಅವರನ್ನು ನೋಡಿದರು, ಅಷ್ಟೇ. ಕೈಗಳು ಮಂಡಿಯ ಮೇಲೆ ಇಳಿದವು. ಅವರಿಗೆ ಅದು ಸುಲಭವಾಗಿರಲಿಲ್ಲ, ಬೆವರುತ್ತಿದ್ದರು. ಸೊಪ್ಪಿನವನು ತಿರುವಿನಾಚೆ ಹೋದ. ಇನ್ನೂ ಹೊತ್ತಾಯಿತು. ಈಗ ಯಾವ ಸದ್ದೂ ಇರಲಿಲ್ಲ. ಇದು ಆ ಮನುಷ್ಯನಿಗೆಂದೇ ಕಾಯಿಸಿದ್ದು ಎಂದು ನನಗೆ ಇಂದಿಗೂ ಅನುಮಾನ.

ಜಾಗಟೆ ಬಿತ್ತು. ಶೆಡ್ಡಿನ ಶೀಟು ನಡುಗಿತು. ಆ ಸದ್ದಿನ ಒಳಗಿನಿಂದ ವೀಣೆ ಎದ್ದಿತು, ಗುನುಗು ಬಂದು ಸೇರಿತು, ತಿಂಗಳುಗಟ್ಟಲೆ ಅರ್ಧಕ್ಕೆ ನಿಂತಿದ್ದದ್ದು ಕೊನೆಯತನಕ ಹೋಯಿತು. ಗೆಜ್ಜೆಯ ಅಮ್ಮನ ಕೆನ್ನೆ ಒದ್ದೆಯಾಗಿತ್ತು. ನನ್ನದನ್ನು ನಾನು ಹೇಳುವುದಿಲ್ಲ.

ಅಧ್ಯಕ್ಷರು ಎದ್ದು ತಂಗಿಯ ಮುಂದೆ ಬಂದು, “ನಮ್ಮ ಯುಗಾದಿ ಕಾರ್ಯಕ್ರಮಕ್ಕೆ ಬರ್ತೀರಾಮ್ಮ?” ಎಂದರು. ಬಹುವಚನ ಬಂದಿತ್ತು. ಅವಳು ಅವರನ್ನು ನೋಡಿದಳು. ಕಣ್ಣು ಮುಚ್ಚಿದಳು. ಗಟ್ಟಿಯಾಗಿ ಮುಚ್ಚಿ ಹಾಗೇ ಇಟ್ಟುಕೊಂಡಳು.

ಅವರು ಚಪ್ಪಲಿ ಮೆಟ್ಟಿಕೊಂಡು ಗೇಟಿಗೆ ಬಂದರು. ನಾನು ಗಾಡಿಯ ಹಲಗೆ ಇಳಿಸುತ್ತಿದ್ದೆ. ಹತ್ತಿರ ಬಂದು ದನಿ ತಗ್ಗಿಸಿದರು.

“ಸುಸ್ತಾಗಿದೆ ಅನ್ಸುತ್ತೆ. ನೀವು ಮನೇಲಿ ನಿಧಾನವಾಗಿ ಕೇಳಿ ಏನಂತ ಹೇಳ್ತೀರಾ?”

“ಹೇಳಿದ್ಲಲ್ಲ ಸಾರ್.”

“ಯಾವಾಗ?”

“ನಿಮ್ಮ ಮುಂದೇನೇ. ಬರಲ್ಲ ಅಂದ್ಲು.”

ಅವರು ಶೆಡ್ಡಿನ ಕಡೆ ತಿರುಗಿ ನೋಡಿದರು. ನಾನು ಹಲಗೆಯನ್ನು ಗಟ್ಟಿಯಾಗಿ ಊರಿ ಅವಳನ್ನು ಕರೆತರಲು ಒಳಗೆ ಹೋದೆ. ಒಂದು ಸುತ್ತು ಹೋಗೋಣವೇನೇ ಎಂದೆ. ಆವತ್ತು ಕಣ್ಣು ಬೇಗ ಮೇಲೆ ಹೋಯಿತು.